ಅವ್ವ ಬದುಕಿರುವ ಪುಟ

“ಪುಸ್ತಕದ ಹಿಂದಿರೋ ಫೋಟೊ ನಿಮ್ದೇ ಅಲ್ವೇನ್ರೀ?” ತಿಪಟೂರಿನ ಮಂಡಿಯೊಂದರಲ್ಲಿ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದ ಹೆಂಗಸು ಮಚ್ಚು ಕೆಳಗಿಟ್ಟು ಕೇಳಿದರು. ಹೌದೆಂದೆ.

“ನಿಮ್ಮ ಕಾದಂಬರೀಲಿ ಗೌರಕ್ಕ ಅಟ್ಟದಲ್ಲಿ ಒಣಗಾಕಿದ್ ಕಾಯಿನ ಕಿವಿ ಹತ್ರ ಅಲ್ಲಾಡ್ಸಿ, ಕೊಬ್ಬರಿ ಆಗೈತಾ ಅಂತ ಮಗನ್ನ ಕೇಳ್ತಾಳಲ್ಲ, ನಮ್ಮವ್ವನೂ ಹಂಗೇ ಕಣ್ರೀ. ಮುಂದಿನ ಪುಟದಲ್ಲಿ ಗೌರಕ್ಕ ಸಾಯ್ತಾಳೆ ಅಂತ ನನ್ ಮಗಳು ಹೇಳ್ಬುಟ್ಲು. ನಾನು ಆ ಪುಟಕ್ಕೆ ಹೋಗೇ ಇಲ್ಲ. ಈ ಪುಟ ಒಂದನ್ನೇ ಮತ್ತೆ ಮತ್ತೆ ಓದ್ತೀನಿ.”

ಗೌರಕ್ಕ ನನ್ನ ಅವ್ವ. ತೀರಿಕೊಂಡವಳನ್ನು ಬರೆದು ಬದುಕಿಸಿದೆನೆಂದು ಬೀಗಿದ್ದ ನಾನೇ, ಕಥೆ ಗಟ್ಟಿಯಾಗಲೆಂದು ಅವಳನ್ನು ಮತ್ತೆ ಸಾಯಿಸಿದ್ದೆ.

ಮನೆಗೆ ಬಂದವನು ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಯ ಬಳಿ ಅಲ್ಲಾಡಿಸಿದೆ. ಒಳಗೆ ಕೊಬ್ಬರಿ ಲೊಟಲೊಟ ಎಂದಿತು. “ಆಗೈತೆ ಕಣವ್ವ” ಎಂದು ಜೋರಾಗಿಯೇ ಹೇಳಿದೆ.