ಟಪಾಲು ಕಾಕಾ ಮುಟ್ಟಿಸಿದ ಲಕೋಟೆ

ಅವರ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಮೂವತ್ತು ವರ್ಷ ರೈಲಿನ ಟಪಾಲು ಡಬ್ಬಿಯಲ್ಲಿ ನಿಂತು ಕಾಗದ ವಿಂಗಡಿಸಿ ವಿಂಗಡಿಸಿ ಆ ಬೆರಳು ಸವೆದು ಹುಣಸೆಬೀಜದ ಹಾಗೆ ನುಣ್ಣಗಾಗಿತ್ತು. ನಮ್ಮ ಕಂಪನಿಯವರು ಹಾಜರಿಗೆಂದು ಬೆರಳೊತ್ತುವ ಯಂತ್ರ ತಂದು ಬಾಗಿಲಲ್ಲಿ ಕೂರಿಸಿದಾಗ ಫಜೀತಿ ಶುರುವಾಯಿತು. ನಾವೆಲ್ಲ ಒತ್ತಿದರೆ ಹಸಿರು ದೀಪ, ಅವರು ಒತ್ತಿದರೆ ಕೆಂಪು. ನಾಲ್ಕು ಸಲ ಒತ್ತಿ, ಪಂಚೆಗೆ ಒರೆಸಿ ಐದನೆಯ ಸಲ ಒತ್ತಿ, ಕೊನೆಗೆ ಕಾವಲುಗಾರನ ಕಡೆ ತಿರುಗಿ, "ಇದರ ಲೆಕ್ಕದಾಗ ನಾ ಇನ್ನಾ ಹುಟ್ಟೇ ಇಲ್ಲಪಾ, ಬಾಗಲಾ ತಗಿ" ಎನ್ನುತ್ತಿದ್ದರು.

ಕಂಪನಿಗೆ ಬರುವ, ಹೋಗುವ ಟಪಾಲನ್ನು ದಾಖಲಿಸುವುದು ಅವರ ಕೆಲಸ. ಉಳಿದವರೆಲ್ಲ ಅವರನ್ನು ಇನ್‌ವರ್ಡ್ ಅಂಕಲ್ ಎನ್ನುತ್ತಿದ್ದರು. ಕನ್ನಡದಲ್ಲಿ ಮಾತನಾಡುವವರು ಅಲ್ಲಿ ನಾವಿಬ್ಬರೇ ಆದ್ದರಿಂದ ನನಗೆ ಮಾತ್ರ ಅವರು ಕಾಕಾ. ರಾಯಚೂರು ಕಡೆಯವರು, ನೌಕರಿಯ ದೆಸೆಯಿಂದ ಉಪ್ಪಲ್‌ನಲ್ಲಿ ಮನೆ ಮಾಡಿ ಅಲ್ಲೇ ನೆಲೆಯಾದವರು. ನಿವೃತ್ತಿಯಾದ ಮೇಲೆ ಈ ಕಂಪನಿಗೆ ಯಾಕೆ ಬಂದಿರಿ ಎಂದು ನಾನೊಮ್ಮೆ ಕೇಳಿದ್ದೆ. "ಮನ್ಯಾಗ ಕುಂತ್ರ ಉಸಿರು ಕಟ್ಟತೈತವ್ವ. ಒಂದು ಮೇಜು, ಒಂದು ಠಸ್ಸೆ, ನಾಕು ಲಕೋಟಿ ಇದ್ರ ನಾ ಮನಷ್ಯಾ" ಎಂದಿದ್ದರು. ಠಸ್ಸೆ ಎಂದರೆ ಮುದ್ರೆ. ಅದನ್ನು ಅವರು ಒತ್ತುತ್ತಿದ್ದ ಸದ್ದು ಪಡಸಾಲೆಯವರೆಗೂ ಕೇಳುತ್ತಿತ್ತು.

ನಾನು ಲಿಂಗಸೂಗೂರಿನವಳು. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಸರಕಾರಿ ಹೈಸ್ಕೂಲಿನ ಕೆಲಸಕ್ಕೆ ಅರ್ಜಿ ಹಾಕಿ ಎರಡು ವರ್ಷ ಮನೆಯಲ್ಲಿ ಕೂತಿದ್ದೆ. ಆಗ ಹೈದರಾಬಾದಿನಲ್ಲಿ ಯಾರ ಬಾಯಲ್ಲಿ ನೋಡಿದರೂ ಕಂಪ್ಯೂಟರಿನ ಮಾತು. "ಖಾಲಿ ಕುಂತು ಏನ್ ಮಾಡ್ತಿ, ನಡಿ" ಎಂದು ಸೋದರಮಾವ ಕರೆತಂದು ಸಿಕಂದರಾಬಾದಿನ ಈ ಕಂಪನಿಗೆ ಸೇರಿಸಿದ. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಮಾತನಾಡಿ ಕಳಿಸಿದ್ದನ್ನು ಹೆಡ್‌ಫೋನ್ ಹಾಕಿಕೊಂಡು ಕೇಳಿ ಟೈಪು ಮಾಡಬೇಕು. ಸೇರುವಾಗಲೇ ಮೂರು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡರು. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗಿನ ನನ್ನ ಅಸಲು ಅಂಕಪಟ್ಟಿಗಳನ್ನು ಒಂದು ಲಕೋಟೆಗೆ ತುಂಬಿ, ಮೇಲೆ ನನ್ನ ಹೆಸರು ಬರೆದು, ತಾವೇ ಇಟ್ಟುಕೊಂಡರು. ಎಲ್ಲರೂ ಕೊಡುತ್ತಿದ್ದರು, ನಾನೂ ಕೊಟ್ಟೆ. ಎಂಥ ದಡ್ಡ ಕೆಲಸ ಮಾಡಿದೆ ಎಂಬುದು ತಿಂಗಳಲ್ಲೇ ತಿಳಿಯಿತು.

ನಾವು ಕೂರುತ್ತಿದ್ದ ಕೋಣೆಗೆ ಕಿಟಕಿಯಿರಲಿಲ್ಲ. ಇದ್ದ ಕಿಟಕಿಗಳಿಗೆ ಹಲಗೆ ಬಡಿದು ಎ.ಸಿ. ಹಾಕಿಸಿದ್ದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದರೆ ಬಿಸಿಲೋ ಮಳೆಯೋ ಒಂದೂ ಗೊತ್ತಾಗದು. ಕಿವಿಯಲ್ಲಿ ದಿನವಿಡೀ ಯಾರದೋ ಮುರಿದ ಎಲುಬು, ಯಾರದೋ ಬಾತ ಯಕೃತ್ತು. ಸಂಜೆ ನಾರಾಯಣಗೂಡದ ಲೇಡೀಸ್ ಹಾಸ್ಟೆಲಿಗೆ ಬಂದರೆ ಎಂಟಕ್ಕೆ ಗೇಟಿಗೆ ಬೀಗ. ಒಂದು ಪೆಟ್ಟಿಗೆಯಿಂದ ತೆಗೆದು ಇನ್ನೊಂದು ಪೆಟ್ಟಿಗೆಗೆ ಹಾಕಿದಂತೆ ದಿನಗಳು ಹೋಗುತ್ತಿದ್ದವು. ಬಿಟ್ಟು ಹೋಗೋಣವೆಂದರೆ ತರಬೇತಿಯ ಖರ್ಚು ಕಟ್ಟಿಕೊಡಬೇಕು. ಅಂಕಪಟ್ಟಿ ಇಲ್ಲದೆ ಬೇರೆಲ್ಲೂ ಕೆಲಸವಿಲ್ಲ.

ಒಂದು ದಿನ ಊಟದ ವೇಳೆಯಲ್ಲಿ ಮೆಟ್ಟಿಲ ಕೆಳಗೆ ಕೂತು ಅಳುತ್ತಿದ್ದೆ. "ಯವ್ವಾ, ಸಾಕಾತು" ಎಂದು ಬಾಯಿಂದ ಬಂದದ್ದು ಆ ದಾರಿಯಲ್ಲಿ ಹೋಗುತ್ತಿದ್ದ ಕಾಕಾನ ಕಿವಿಗೆ ಬಿತ್ತು. "ಯಾವೂರಾಕಿ ತಂಗಿ ನೀ?" ಎಂದರು. ಊರು ಹೇಳಿದೆ. ಸಮಾಧಾನದ ಮಾತೊಂದೂ ಆಡಲಿಲ್ಲ. "ಬಾ, ನನ್ನ ಕ್ವಾಣ್ಯಾಗ ಒಂದು ಖಿಡಕಿ ಐತಿ" ಎಂದು ಕರೆದುಕೊಂಡು ಹೋದರು.

ನಿಜಕ್ಕೂ ಕಿಟಕಿಯಿತ್ತು. ಅದರ ಹೊರಗೆ ಕಬ್ಬಿನ ಹಾಲಿನ ಗಾಡಿ, ಬಸ್ಸು, ಧೂಳು. ಕಿಟಕಿಯ ಕಟ್ಟೆಯ ಮೇಲೆ ಸ್ಟೀಲಿನ ಅಗಲ ತಟ್ಟೆಯಲ್ಲಿ ನೀರು, ನೀರಿನಲ್ಲಿ ಲಕೋಟೆಗಳಿಂದ ಕತ್ತರಿಸಿದ ಮೂಲೆಗಳು ತೇಲುತ್ತಿದ್ದವು. ಅಮೆರಿಕದ ಆಸ್ಪತ್ರೆಗಳಿಂದ ಬರುವ ಲಕೋಟೆಗಳ ಅಂಚೆಚೀಟಿ ಅವು. ಕಸದ ಬುಟ್ಟಿಗೆ ಹೋಗುವ ಲಕೋಟೆಯ ಚೀಟಿ ತೆಗೆದುಕೊಳ್ಳಲೂ ಈ ಮನುಷ್ಯ ಮ್ಯಾನೇಜರರಿಂದ ಬರಹದಲ್ಲಿ ಅನುಮತಿ ಪಡೆದು, ಆ ಕಾಗದವನ್ನು ಫೈಲು ಮಾಡಿಟ್ಟಿದ್ದರು.

ನಾನು ಒಂದು ಚೀಟಿಯ ತುದಿ ಹಿಡಿದು ಎಳೆದೆ. ಅದು ಹರಿಯಿತು.

"ಎಳೀಬ್ಯಾಡ" ಎಂದರು. "ಕಾಗದ ತಾನ ಬಿಡತೈತಿ. ಗಡಿಬಿಡಿ ಮಾಡಿದ್ರ ಅಂಚಿನ ಹಲ್ಲು ಮುರೀತಾವ. ಒಂದು ಹಲ್ಲು ಹ್ವಾದ್ರೂ ಸ್ಟಾಂಪು ಹ್ವಾದಂಗ."

ಅದೇ ನನ್ನ ಮೊದಲ ಪಾಠ. ಊಟದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಬುತ್ತಿಗೆ, ಇಪ್ಪತ್ತು ನಿಮಿಷ ಸ್ಟಾಂಪಿಗೆ ಎಂದಾಯಿತು. ನೀರಿಂದ ತೆಗೆದ ಚೀಟಿಯನ್ನು ಬೆನ್ನು ಮೇಲಾಗಿ ಬಿಳಿ ಕಾಗದದ ಮೇಲೆ ಆರಿಸಬೇಕು, ಆಮೇಲೆ ದಪ್ಪ ಪುಸ್ತಕದಲ್ಲಿಟ್ಟು ಒತ್ತಬೇಕು, ಬೆರಳಿನಿಂದ ಮುಟ್ಟದೆ ಚಿಮುಟದಲ್ಲೇ ಎತ್ತಬೇಕು. ಕೆಂಪು ಲಕೋಟೆಯ ಚೀಟಿಯನ್ನು ಬೇರೆ ನೀರಲ್ಲಿ ನೆನೆಸದಿದ್ದರೆ ಬಣ್ಣ ಬಿಟ್ಟು ಎಲ್ಲವೂ ಹಾಳು. ಆಫೀಸಿನಲ್ಲಿ ಎಲ್ಲಕ್ಕಿಂತ ದಪ್ಪ ಪುಸ್ತಕವೆಂದರೆ ವೈದ್ಯಕೀಯ ನಿಘಂಟು. ಒಮ್ಮೆ ನಮ್ಮ ಸೂಪರ್‌ವೈಸರಮ್ಮ ಯಾವುದೋ ರೋಗದ ಕಾಗುಣಿತ ಹುಡುಕಲು ಅದನ್ನು ತೆರೆದರೆ, ಮೂತ್ರಪಿಂಡದ ಪುಟದಲ್ಲಿ ಒದ್ದೆ ಹದ್ದೊಂದು ಅಂಟಿಕೊಂಡಿತ್ತು. ನಾನು ಹೆಡ್‌ಫೋನನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡು ಏನೂ ಕೇಳದವಳಂತೆ ಕೂತೆ.

ಎಲ್ಲ ದೇಶದ ಎಲ್ಲ ಚೀಟಿಗೂ ಕೈ ಹಾಕಬೇಡ, ಒಂದೇ ವಿಷಯ ಹಿಡಿ ಎಂದರು ಕಾಕಾ. ನಾನು ಹಡಗು ಹಿಡಿದೆ. "ಲಿಂಗಸೂರಿನಾಕಿಗೆ ಹಡಗ! ನೀ ಕೆರಿಯಾಗಿನ ದೋಣಿನರ ನೋಡೀಯೇನ?" ಎಂದು ನಕ್ಕವರು, ಮರುದಿನ ತಮ್ಮ ಸಂಗ್ರಹದಿಂದ ಏಳು ಹಡಗು ತಂದುಕೊಟ್ಟರು. ಅವರಿಗೆ ಸ್ವತಃ ಚಿತ್ರಗಳ ಮೇಲೆ ಅಷ್ಟು ಪ್ರೀತಿಯಿರಲಿಲ್ಲ. "ಚಿತ್ರ ಮಷೀನು ಛಾಪಿಸತೈತಿ. ಠಸ್ಸೆ ಮಾತ್ರ ಒಬ್ಬ ಮನಷ್ಯಾ ಕೈಲೆ ಹೊಡದಿರ್ತಾನ, ಅದನ್ನ ನೋಡು" ಎನ್ನುತ್ತಿದ್ದರು.

ಏಳು ಹಡಗು ಎರಡು ತಿಂಗಳಲ್ಲಿ ಮೂವತ್ತಾದವು. ಹಾಸ್ಟೆಲಿನಲ್ಲಿ ಒಂದು ಭಾನುವಾರ ಹೊಸ ನೋಟುಬುಕ್ಕು ತಂದು, ಗೋಂದಿನ ಬಾಟಲಿ ಖಾಲಿ ಮಾಡಿ, ಮೂವತ್ತನ್ನೂ ಸಾಲಾಗಿ ಅಂಟಿಸಿ, ಸೋಮವಾರ ದೊಡ್ಡಸ್ತಿಕೆಯಿಂದ ಕಾಕಾನ ಮುಂದೆ ಹಿಡಿದೆ. ಅವರ ಮುಖ ನೋಡುವಂತಿರಲಿಲ್ಲ. "ಗೋಡಿಗೆ ಸಿನಿಮಾ ಪೋಸ್ಟರ ಹಚ್ಚಿದಂಗ ಹಚ್ಚೀಯಲ್ಲ ಮಗಳ!" ಎಂದು ತಲೆ ಹಿಡಿದುಕೊಂಡರು. ಬೈಗುಳ ಅಲ್ಲಿಗೆ ಮುಗಿಯಿತು. ಆಮೇಲೆ ಹದಿನೈದು ದಿನ ನಾವಿಬ್ಬರೂ ಪುಟಕ್ಕೊಂದರಂತೆ ಆ ನೋಟುಬುಕ್ಕನ್ನೇ ನೆನೆಸಿ ಹಡಗುಗಳನ್ನು ಮೇಲೆತ್ತಿದೆವು. ನಾಲ್ಕು ಮುಳುಗಿಯೇ ಹೋದವು. ಪೋಸ್ಟಾಫೀಸಿನಲ್ಲಿ ಚೀಟಿಯ ಹಾಳೆ ಹರಿದಾಗ ಉಳಿಯುವ ಅಂಚಿನ ಗೋಂದುಪಟ್ಟಿಯನ್ನು ಸಣ್ಣಗೆ ಕತ್ತರಿಸಿ, ಮಡಿಸಿ, ಚೀಟಿಯ ಬೆನ್ನಿಗೆ ಬಾಗಿಲ ಕೀಲಿನಂತೆ ಹಚ್ಚಿ ಆಲ್ಬಮ್ಮಿನಲ್ಲಿ ಕೂರಿಸುವುದನ್ನು ಆಗ ಕಲಿತೆ. ಆ ಇಪ್ಪತ್ತು ನಿಮಿಷ ಇಲ್ಲದಿದ್ದರೆ ಆ ವರ್ಷ ನನಗೆ ಹುಚ್ಚು ಹಿಡಿಯುತ್ತಿತ್ತು. ಇದು ಮಾತಿಗೆ ಹೇಳುತ್ತಿರುವುದಲ್ಲ.

ಎರಡನೆಯ ವರ್ಷದ ಒಂದು ಸೋಮವಾರ ಅವ್ವ ಊರಿಂದ ಕಳಿಸಿದ ಕಾಗದ ಹಾಸ್ಟೆಲಿಗೆ ಬಂತು. ಒಳಗೆ ಸರಕಾರದ ಪತ್ರ. ಹೈಸ್ಕೂಲಿನ ಕೆಲಸಕ್ಕೆ ನನ್ನ ಹೆಸರು ಬಂದಿತ್ತು. ಶುಕ್ರವಾರ ಕಲಬುರಗಿಯಲ್ಲಿ ಅಸಲು ಅಂಕಪಟ್ಟಿಗಳನ್ನು ತೋರಿಸಬೇಕು, ತಪ್ಪಿದರೆ ಹೆಸರು ರದ್ದು. ಎಚ್.ಆರ್. ಸಾಹೇಬರ ಮುಂದೆ ಹೋಗಿ ಕೈ ಮುಗಿದೆ. ಒಂದು ದಿನದ ಮಟ್ಟಿಗೆ ಕೊಡಿ ಎಂದೆ. ಅವರು ಕಂಪ್ಯೂಟರಿನಿಂದ ಕಣ್ಣು ಕೀಳದೆ, "ಬಾಂಡ್ ಅಂಟೆ ಬಾಂಡೇನಮ್ಮಾ" ಎಂದರು ತೆಲುಗಿನಲ್ಲಿ, ಬಾಂಡ್ ಅಂದರೆ ಬಾಂಡೇ ಎಂದು. ಮೂರನೆಯ ಸಲ ಹೋದಾಗ ಒಳಗೇ ಬಿಡಲಿಲ್ಲ.

ಆ ಲಕೋಟೆಗಳೆಲ್ಲ ಇದ್ದದ್ದು ಕಾಕಾನ ಕೋಣೆಯ ಬೀರುವಿನಲ್ಲಿ. ಅದರ ಕೀಲಿ ಅವರ ಸೊಂಟದಲ್ಲೇ ಇತ್ತು. ಇಡೀ ಆಫೀಸಿನಲ್ಲಿ ನಂಬಿ ಕೀಲಿ ಕೊಡಬಹುದಾದ ಮನುಷ್ಯ ಅವರೊಬ್ಬರೇ ಎಂದು ಮ್ಯಾನೇಜರರೇ ಒಪ್ಪಿಸಿದ್ದರು. ಮಂಗಳವಾರ ಅವರ ಮುಂದೆ ನಿಂತು ಎಲ್ಲ ಹೇಳಿದೆ.

"ಕಾಕಾ, ಕೀಲಿ ನಿಮ್ಮ ಕಡೇನ ಐತ್ರಿ."

ಅವರು ಸೊಂಟದ ಕೀಲಿಯನ್ನು ಮುಟ್ಟಿ ನೋಡಿಕೊಂಡರು. "ಕೀಲಿ ನನ್ನ ಕಡೆ ಐತಿ. ಲಕೋಟಿ ನನ್ನದಲ್ಲ. ಮೂವತ್ತು ವರ್ಷದಾಗ ನನಗ ಒಪ್ಪಿಸಿದ್ದು ಒಂದೂ ಆಚೀಚಿ ಆಗಿಲ್ಲ ತಂಗಿ. ನನ್ನ ಕಡಿಂದ ಆಗೂದಿಲ್ಲ."

ನನ್ನ ಬಾಯಿ ಮೊದಲಿಂದಲೂ ಹರಿತ. "ನಿಮಗ ಠಸ್ಸೆ ಮುಖ್ಯರಿ, ಮನಷ್ಯಾರಲ್ಲ" ಎಂದೆ. ಹಡಗಿನ ಆಲ್ಬಮ್ಮನ್ನು ಅವರ ಮೇಜಿನ ಮೇಲೆ ಎಸೆದು ಬಂದೆ. ಬುಧವಾರ ಆ ಕೋಣೆಯ ಕಡೆ ಹೋಗಲಿಲ್ಲ. ಠಸ್ಸೆಯ ಸದ್ದು ಅವತ್ತು ಕೇಳಿಸಲಿಲ್ಲ ಎಂದು ಯಾರೋ ಅಂದರು. ಕೇಳಿಸದಿದ್ದರೆ ನನಗೇನು ಎಂದುಕೊಂಡೆ.

ಗುರುವಾರ ಬೆಳಗ್ಗೆ ಅವರೇ ನನ್ನ ಕುರ್ಚಿಯ ಹತ್ತಿರ ಬಂದು ಹೆಡ್‌ಫೋನ್ ಎತ್ತಿ, "ಬಾ" ಎಂದರು. ಕೋಣೆಯಲ್ಲಿ ರಿಜಿಸ್ಟರು ತೆರೆದಿತ್ತು. ಅದರ ಮೇಲೆ ನನ್ನ ಲಕೋಟೆ.

"ಮ್ಯಾಲ ಯಾರ ಹೆಸರೈತಿ? ಓದು."

ನನ್ನ ಹೆಸರು ಓದಿದೆ. ಅವರು ಮತ್ತೊಮ್ಮೆ ಓದಿಸಿದರು.

"ಎರಡು ದಿನ ನಿದ್ದಿ ಮಾಡಿಲ್ಲ ನಾ. ಟಪಾಲಿನವನ ಕೆಲಸ ಕಾಯೂದಲ್ಲ, ಹೆಸರಿದ್ದವರಿಗೆ ಮುಟ್ಟಸೂದು. ಇಷ್ಟು ತಿಳಿಯಾಕ ಮೂವತ್ತು ವರ್ಷದ ಮ್ಯಾಲ ಎರಡು ದಿನ ಹಿಡೀತು ನೋಡು. ಇಲ್ಲಿ ಸಹಿ ಮಾಡು."

ಸಹಿ ಮಾಡಿದೆ. ಅವರು ತಾರೀಖು, ವೇಳೆ ಬರೆದು, ಹೆಸರಿದ್ದವರ ಕೈಗೆ ಮುಟ್ಟಿಸಿದೆ ಎಂದು ಷರಾ ಹಾಕಿ, ಪಕ್ಕದಲ್ಲಿ ಠಸ್ಸೆ ಒತ್ತಿದರು. ಕದ್ದು ಕೊಡುವವರು ರಿಜಿಸ್ಟರಿನಲ್ಲಿ ಬರೆದು ಕೊಡುವುದಿಲ್ಲ. ನನಗೆ ಭಯವಾಯಿತು. "ಕಾಕಾ, ನಿಮಗ ಏನರ ಅಂದ್ರ?" ಎಂದೆ.

"ನನಗ ಯಾರು ಏನಂತಾರ? ನೀ ಹ್ವಾದ ಮ್ಯಾಲ ನಾನ ಮ್ಯಾನೇಜರಗ ಹೇಳ್ತೀನಿ. ಕಾಗದ ಬರೀತಿದ್ರ ಮನಿ ಪತ್ತೆಕ್ಕ ಬರಿ, ಆಫೀಸಿನ ಟಪಾಲಿನಾಗ ಸ್ವಂತದ್ದು ಬರಬಾರದು. ನಡಿ ಈಗ, ಗಾಡಿ ತಪ್ಪತೈತಿ." ಆಲ್ಬಮ್ಮನ್ನೂ ನನ್ನ ಚೀಲಕ್ಕೆ ತುರುಕಿದರು.

ಶುಕ್ರವಾರ ಕಲಬುರಗಿಯಲ್ಲಿ ಗುಮಾಸ್ತೆಯೊಬ್ಬಳು ನನ್ನ ಅಂಕಪಟ್ಟಿಗಳನ್ನು ತಿರುವಿ, "ಆತು, ಹೋಗ್ರಿ" ಎಂದಳು. ಮಾನ್ವಿಯ ಹತ್ತಿರದ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಸೇರಿದೆ. ಕಂಪನಿಯಿಂದ ಊರಿಗೆ ಎರಡು ನೋಟೀಸು ಬಂದವು, ಆಮೇಲೆ ಅವರೂ ಸುಮ್ಮನಾದರು.

ಆರು ವರ್ಷ ಕಾಕಾ ನನಗೆ ಕಾಗದ ಬರೆದರು, ತಿಂಗಳಿಗೆ ಎರಡು. ಒಳಗೆ ಒಂದೆರಡು ಹಡಗು ಇದ್ದೇ ಇರುತ್ತಿದ್ದವು. ಆಫೀಸಿನ ಸುದ್ದಿಯಂತೂ ಧಾರಾಳ. ಸೂಪರ್‌ವೈಸರಮ್ಮನ ಮದುವೆಯಾಯಿತು. ಕ್ಯಾಂಟೀನಿನವ ಬದಲಾದ. ಬಳ್ಳಾರಿಯ ಹುಡುಗಿಯೊಬ್ಬಳು ಹೊಸದಾಗಿ ಸೇರಿದ್ದಾಳೆ, ಆಕೆಗೂ ಸ್ಟಾಂಪಿನ ಹುಚ್ಚು ಹತ್ತಿದೆ, ನಿನಗಿಂತ ಜಾಣೆ, ಗೋಂದು ಹಚ್ಚಿಲ್ಲ. ಅದನ್ನೋದಿ ನನಗೆ ಸಣ್ಣ ಹೊಟ್ಟೆಕಿಚ್ಚೂ ಆಗಿತ್ತು. ಒಮ್ಮೆಯೂ ಹೋಗಿ ನೋಡಲಿಲ್ಲ. ಮೊದಲು ಬಾಂಡಿನ ಭಯದಿಂದ ಹೈದರಾಬಾದಿಗೆ ಕಾಲಿಡಲಿಲ್ಲ. ಆಮೇಲೆ ಮದುವೆ, ಮಗು. ಸುಳ್ಳೇಕೆ, ಆಮೇಲಿನದೆಲ್ಲ ನನ್ನ ಸೋಮಾರಿತನ.

ಎರಡು ತಿಂಗಳು ಕಾಗದ ಬರದಿದ್ದಾಗ ಜೀವ ತಡೆಯದೆ ಒಂದು ಭಾನುವಾರ ಉಪ್ಪಲ್‌ಗೆ ಹೋದೆ. ಓಣಿಯ ಕೊನೆಯ ಎರಡು ಕೋಣೆಯ ಮನೆ. ಬಾಗಿಲು ತೆರೆದ ಅವರ ಹೆಂಡತಿ ಕಾಕೂ, ನಾನು ಹೆಸರು ಹೇಳುತ್ತಲೇ ನನ್ನ ಕೈ ಹಿಡಿದುಕೊಂಡರು. "ಹೋಗಿ ಒಂದೂವರಿ ತಿಂಗಳಾತವ್ವ. ಎದಿನೋವು ಅಂದ್ರು, ದವಾಖಾನಿ ಮುಟ್ಟಲಿಲ್ಲ. ನಿನಗ ತಿಳಸಬೇಕಂದ್ರ ನನಗ ಬರಿಯಾಕ ಬರೂದಿಲ್ಲ."

ನಾನು ಅತ್ತುಬಿಟ್ಟೆ. ಸ್ವಲ್ಪ ಹೊತ್ತಿನ ಮೇಲೆ, ಆಫೀಸಿನವರು ಯಾರಾದರೂ ಮಣ್ಣಿಗೆ ಬಂದಿದ್ದರೇ ಎಂದು ಕೇಳಿದೆ.

"ಯಾವ ಆಫೀಸವ್ವ?"

"ನಮ್ಮ ಕಂಪನಿರಿ" ಎಂದೆ. ಆಮೇಲೆ ಕಾಕೂ ನಿಧಾನವಾಗಿ ಹೇಳಿದರು. "ನಿನಗ ಲಕೋಟಿ ಕೊಟ್ಟ ದಿನಾನ ತಗದು ಹಾಕಿದ್ರಲ್ಲ. ಮಧ್ಯಾಹ್ನಕ್ಕ ಮನಿಗೆ ಬಂದ್ರು, ಬುತ್ತಿ ಗಂಟು ಬಿಚ್ಚಿರಲಿಲ್ಲ. ಕಳ್ಳ ಅಂದ್ರಂತ. ಬ್ಯಾರೆ ಕಡೆ ಕೇಳಾಕ ಹ್ವಾದ್ರ ಅಲ್ಲಿಗೂ ಫೋನು ಮಾಡಿ ಹೇಳಿದ್ರಂತ. ಆಮ್ಯಾಲ ಹೊರಗ ಹೋಗೂದ ಬಿಟ್ರು. ಆ ಹುಡುಗಿಗೆ ಗೊತ್ತಾಗಬಾರದು, ಗೊತ್ತಾದ್ರ ಆಕಿಗೆ ಆ ನೌಕರಿ ಅನ್ನ ರುಚಿಸೂದಿಲ್ಲ ಅಂತ ನನ್ನ ಕಡಿಂದ ಆಣಿ ಮಾಡಿಸಿಕೊಂಡಿದ್ರು."

"ಮತ್ತ ಬಳ್ಳಾರಿ ಹುಡುಗಿ?" ಎಂದೆ. ಕಾಕೂಗೆ ಅಂಥವಳೊಬ್ಬಳು ಗೊತ್ತಿರಲಿಲ್ಲ. "ದಿನಾ ಇಲ್ಲೇ ಕುಂತು ನಿನಗ ಕಾಗದ ಬರೀತಿದ್ರವ್ವ. ಬರದು, ಓದಿ, ಹರದು, ಮತ್ತ ಬರೀತಿದ್ರು."

ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತದೆ ಎಂದ ಮನುಷ್ಯ ಆರು ವರ್ಷ ಆ ಎರಡು ಕೋಣೆಗಳಲ್ಲಿ ಕೂತಿದ್ದರು. ನನ್ನನ್ನು ಹೊರಗೆ ಬಿಟ್ಟದ್ದಕ್ಕೆ. ಈಗಲೂ ಪ್ರತಿ ತಿಂಗಳು ಸಂಬಳದ ಪಟ್ಟಿಗೆ ಸಹಿ ಮಾಡುವಾಗ ನನಗೆ ಇದು ನೆನಪಾಗುತ್ತದೆ, ಆಗಬೇಕು ಕೂಡ. ಆದರೆ ನನ್ನನ್ನು ಹೆಚ್ಚು ಸುಡುವುದು ನಾನೇ ಬರೆದ ಒಂದು ಸಾಲು. ಸೌಜನ್ಯ ಎಂದುಕೊಂಡು ಪ್ರತಿ ಕಾಗದದ ಕೊನೆಗೂ ಅದನ್ನು ಬರೆಯುತ್ತಿದ್ದೆ, ಆಫೀಸಿನ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿರಿ ಎಂದು. ಅದಕ್ಕೆ ಕಾಕಾ ಒಂದು ಸಲವೂ ಉತ್ತರ ತಪ್ಪಿಸಿರಲಿಲ್ಲ. "ತಿಳಸೀನಿ. ಎಲ್ಲಾರೂ ನಿನ್ನ ಭಾಳ ನೆನಸ್ತಾರ."