ಸೂಜಿಗೊಂದು ಬಳಿ

ಬರೇ ಸ್ಪಿರಿಟ್ ವಾಸನಿ ಆಗಿದ್ರ ಏನೂ ಆಗ್ತಿರಲಿಲ್ಲ. ಹೋದ ವಾರ ಹಡಪಸರದ ಒಂದು ದವಾಖಾನಿಗೆ ಮಗಳ ಮಗಳನ್ನ ರಕ್ತ ತೆಗಸಾಕ ಕರಕೊಂಡು ಹೋಗಿದ್ದೆ. ಸಿಸ್ಟರ್ ಕೆಂಪು ಸಾಬಾಣದಿಂದ ಕೈ ತೊಳಕೊಂಡು ಬಂದು ಸ್ಪಿರಿಟ್ ಬಾಟಲಿ ಬಿಚ್ಚಿದ್ಲು. ಸಾಬಾಣ, ಸ್ಪಿರಿಟ್ ಎರಡೂ ಕೂಡೇ ಮೂಗಿಗೆ ಬಡದ್ವು ನೋಡ್ರಿ... ನಾ ಸೀದಾ ನನ್ನ ತೌರು ಭೋಸರಿಗೆ ಹೋಗಿಬಿಟ್ಟೆ. ಎಂಟು ವರ್ಷದ ಹುಡುಗಿ ಆಗಿ.

ಎಪ್ಪತ್ತರ ದಶಕ ಮುಗೀಲಿಕ್ಕ ಬಂದಿತ್ತು. ಅಪ್ಪ ಅಲ್ಲೇ ಒಂದು ಕಾರಖಾನ್ಯಾಗ ಲೇಥ್ ಮ್ಯಾಲೆ ಕೆಲಸ ಮಾಡ್ತಿದ್ದ. ನನಗ ಗಂಟಲು ನೋವು ಬಂತು, ಜ್ವರ ಬಂತು, ಆಮ್ಯಾಲೆ ಮೊಣಕಾಲು ಬಾತು ಕುಂಬಳಕಾಯಿ ಆದ್ವು. ಇದು ಹೃದಯಕ್ಕ ಹತ್ತಬಾರದು ಅಂದ್ರ ಮೂರು ವಾರಕ್ಕೊಮ್ಮೆ ಕುಂಡಿಗೆ ಸೂಜಿ, ಅದೂ ವರ್ಷಗಟ್ಟಲೆ, ಅಂದ್ರು ಡಾಕ್ಟರ್. ಔಷಧ ಹಾಲಿನಂಗ ಬೆಳ್ಳಗ, ದಪ್ಪ. ಸೂಜಿನೂ ಈಗಿನಂಗ ಅಲ್ರಿ. ಕುದಿಸೋದು, ಚುಚ್ಚೋದು, ಮತ್ತ ಅದನ್ನ ಕುದಿಸೋದು. ಮೊಂಡ ಆಗಿರತಿತ್ತು. ಮೊದಲನೇ ಸಲ ನನ್ನ ನಾಕು ಮಂದಿ ಹಿಡಿದ್ರು. ನಾ ವಾರ್ಡ್‌ಬಾಯ್ ಕೈ ಕಡದೆ. ಮನಿಗೆ ಬಂದು ಅವ್ವ, "ಇನ್ನ ನಾ ಈಕಿನ್ನ ಕರಕೊಂಡು ಹೋಗಂಗಿಲ್ಲ, ಸಾಯ್ತಾಳಂದ್ರ ಸಾಯಲಿ" ಅಂತ ಅತ್ತಿದ್ದು ಓಣಿ ತುಂಬ ಕೇಳಿತ್ತು.

ಅದನ್ನ ಕೇಳೇ ಬಾಜೂ ಮನಿ ಬಳಿಗಾರ ಕಾಕಾ ಬಂದ್ರು. "ವೈನಿ, ಮುಂದಿನ ಸಲ ನಾನೂ ಬರ್ತೀನ್ರಿ."

ಗಾಜಿನ ಬಳಿ ಇಡಿಸಿಕೊಂಡವರಿಗೆ ಗೊತ್ತು. ಕೈಗೆ ಸಾಬಾಣ ಹಚ್ಚಿ, ಹೆಬ್ಬಟ್ಟಿನ ಬುಡಾ ಒತ್ತಿ ಒತ್ತಿ ಮೆತ್ತಗ ಮಾಡಿ, ಏನರೆ ಮಾತಿಗೆ ಹಚ್ಚಿ ಸಣ್ಣ ಬಳಿ ಏರಿಸಿಬಿಡೋದು. ಕಾಕಾ ಅದನ್ನ ದವಾಖಾನ್ಯಾಗ ಮಾಡಿದ್ರು. ನಾ ಮಂಚದ ಮ್ಯಾಲೆ ಬೋರಲು. ಅವರು ನನ್ನ ತಲಿ ಕಡೆ ನೆಲದ ಮ್ಯಾಲೆ ಕುಂತು, ನನ್ನ ಕೈ ಹಿಡಕೊಂಡು, ಬಳಿ ಗೆಣ್ಣಿನ ತನಕ ತಂದು ನಿಲ್ಲಸ್ತಿದ್ರು. ಅತ್ತ ಸೂಜಿ ಇಳಿಯೋ ಹೊತ್ತಿಗೆ ಇತ್ತ ಬಳಿ ಗೆಣ್ಣು ದಾಟತಿತ್ತು.

"ಎರಡು ನೋವು ಕೂಡೇ ಬಂದ್ರೂ ಬಾಗಲಾ ಒಂದ ಅಲ್ಲೇನು ತಂಗಿ. ಒಂದು ಹೊರಗ ನಿಂದರತದ" ಅಂತಿದ್ರು.

ನೋವು ಆಗ್ತಿರಲಿಲ್ಲ ಅಂದ್ರ ಸುಳ್ಳು. ಆಗ್ತಿತ್ತು. ಆದ್ರ ನನ್ನ ಹಿಡಿಯಾಕ ನಾಕು ಮಂದಿ ಬೇಕಾಗ್ತಿರಲಿಲ್ಲ. ಸೂಜಿಗೊಂದು ಹಸರು ಬಳಿ. ಸಿಸ್ಟರ್ ಮರಾಠಿಯೊಳಗ ಚೇಷ್ಟಿ ಮಾಡಾಕಿ: "ಕಾಕಾ, ಸೂಜಿ ಆಕಿಗೆ, ಬೆವರು ನಿಮಗ?" ಖರೇನ ಅವರ ಅಂಗಿ ತೊಯ್ದಿರತಿತ್ತು. ಒಮ್ಮೆ ಬಸ್ ಸ್ಟಾಪಿನ್ಯಾಗ ನನ್ನ ಕಿವ್ಯಾಗ ಹೇಳಿದ್ರು, "ಸೂಜಿ ಅಂದ್ರ ನನ್ನ ಜೀವಾನೇ ಹೋಗತದ ತಂಗಿ. ನಾ ಅತ್ತ ನೋಡಂಗೇ ಇಲ್ಲ, ನಿನ್ನ ಕೈ ಅಷ್ಟ ನೋಡತೀನಿ. ಯಾರ ಮುಂದೂ ಹೇಳಬ್ಯಾಡ. ಓಣ್ಯಾಗ ಮರ್ಯಾದಿ ಹೋದೀತು."

ಹೇಳಲಿಲ್ಲ.

ನಾ ವಯಸ್ಸಿಗೆ ಬಂದ ಮ್ಯಾಲೆ ಕಾಕಾ ಸೂಜಿ ಹಾಕೋ ಖೋಲಿಗೆ ಬರೋದು ತಾವಾಗೇ ಬಿಟ್ರು. ಅಷ್ಟೊತ್ತಿಗೆ ನನಗ ರೂಢಿ ಆಗಿತ್ತು, ನನ್ನ ಕೈ ನಾನೇ ಒತ್ತಿಕೊಂಡು ಮಲಗ್ತಿದ್ದೆ. ಮುಂದ ಹಬ್ಬ-ಹುಣ್ಣಿವಿಗೆ ಅಷ್ಟ ಅವರ ಹತ್ರ ಬಳಿ ಇಡಿಸಿಕೊಳ್ಳೋದು. ಪರಗಂಡಸು ಹೆಣ್ಮಕ್ಕಳ ಕೈ ಹಿಡಿಬಹುದು ಅಂದ್ರ ಬಳಿಗಾರ ಒಬ್ಬನ ನೋಡ್ರಿ. ಬಳಿಗಾರನ ಕೈ ಹೆಣ್ಣುಮಗಳು ಹಿಡಿಯೋದು... ಅದು ಮಾತ್ರ ಎಲ್ಲೂ ಇಲ್ಲ.

ನನಗ ಹದಿನೆಂಟು ನಡದಾಗ ಅವರಿಗೆ ಸಕ್ಕರಿ ಬ್ಯಾನಿ ಜೋರಾತು. ಕಾಲಾಗ ಹುಣ್ಣು. ವರ್ಷಕ್ಕೊಮ್ಮೆ ದೇವರ ಪಾಲಖಿ ಯಾತ್ರಿ ಸಾಸವಡ ಊರಿಗೆ ಬಂದಾಗ ಬಳಿ ಮಾರಾಕ ಹೋಗಾವ್ರು, ಆ ವರ್ಷ ಹೋಗಲಿಲ್ಲ. ದಿನಾ ಸೂಜಿ ಹಾಕಿಸ್ಕೋಬೇಕು ಅಂದಿದ್ದಕ್ಕ ಕೈ ಕಿತ್ತಗೊಂಡು ಮನಿಗೆ ಬಂದ್ರಂತ. ಓಣಿ ಮಂದಿಗೆಲ್ಲ ಆಶ್ಚರ್ಯ. ನನಗಿಲ್ಲ.

ಒಂದು ಮುಂಜಾನೆ ಅವರ ಹೆಂಡತಿ ನಮ್ಮ ಹೊಸ್ತಿಲದಾಗ ಬಂದು ನಿಂತ್ರು. ನಾ ಒಳಗ ರೊಟ್ಟಿ ಬಡೀತಿದ್ದೆ.

"ವೈನಿ, ಹುಡುಗೀನ ಒಂದು ತಾಸು ದವಾಖಾನಿಗೆ ಕಳಸ್ತೀರೇನು? ಆಕಿ ಬಂದು ಕೈ ಹಿಡದ್ರ ಸೂಜಿ ಹಾಕಿಸ್ಕೋತೀನಿ ಅಂತ ಹಠಾ ಹಿಡದು ಕುಂತಾರ. ಸಣ್ಣ ಹುಡುಗರಂಗ."

ಆ ವಾರ ಹಡಪಸರದಿಂದ ನನ್ನ ನೋಡಾಕ ಗಂಡಿನ ಕಡಿಯವರು ಬರಾವ್ರಿದ್ರು. ಯಾರರೆ ನೋಡಿ ಏನರೆ ಅಂದ್ರ? ಅವ್ವ ಅಂದ್ಲು, "ಆಕಿ ಮನ್ಯಾಗಿಲ್ರಿ. ಗೆಳತಿ ಮನಿಗೆ ಹೋಗ್ಯಾಳ."

ನನ್ನ ಎರಡೂ ಕೈ ಹಿಟ್ಟಿನ ಮ್ಯಾಲಿದ್ವು. ರೊಟ್ಟಿ ಬಡದ್ರ ಬಳಿ ಸಪ್ಪಳ ಆಗತದ. ಕಾಕಾ ಇಟ್ಟ ಬಳಿ... ನಾ ಕೈ ಎತ್ತಲಿಲ್ಲ. ಹಂಚಿನ ಮ್ಯಾಲೆ ಒಂದು ರೊಟ್ಟಿ ಹೊತ್ತಾಕ ಹತ್ತಿತ್ತು, ತಿರುವಿ ಹಾಕಿದ್ರೂ ಬಳಿ ಸಪ್ಪಳ ಆಗತದ ಅಂತ ಅದನ್ನೂ ಮುಟ್ಟಲಿಲ್ಲ. ವಾಸನಿ ಹೊಸ್ತಿಲ ತನಕ ಹೋತು.

ಕಾಕಾನ ಹೆಂಡತಿ ಒಮ್ಮೆ ಒಳಗಿನ ಕಡೆ ನೋಡಿದ್ರು. ಆಮ್ಯಾಲೆ, "ರೊಟ್ಟಿ ಹೊತ್ತಾಕ ಹತ್ತೇದ ನೋಡ್ರಿ ವೈನಿ" ಅಂದು ಹೋದ್ರು. ಅಷ್ಟ.

ಗಂಡಿನವರು ಒಪ್ಪಿದ್ರು. ಮದುವಿಗೆ ಮೊದಲ ಕಾಕಾ ಹೋದ್ರು. ನಾ ಹೋಗಿದ್ರ ಉಳೀತಿದ್ರು ಅಂತ ಯಾರೂ ಅನ್ನಲಿಲ್ಲ. ಉಳೀತಿರಲಿಲ್ಲ ಅಂತ ಹೇಳಿ ನನ್ನ ಬಿಡಿಸಾವ್ರೂ ಯಾರಿಲ್ಲ... ಮದುವಿ ಬಳಿ ಇಡಾಕ ಬ್ಯಾರೆ ಯಾರೋ ಬಂದಿದ್ರು. ಭಾಳ ನೋವಾತು, ಅತ್ತುಬಿಟ್ಟೆ. ತೌರು ಬಿಡೋ ದುಃಖ ಅಂದ್ಕೊಂಡ್ರು ಎಲ್ಲಾರೂ.

ಹೋದ ವಾರ ಮೊಮ್ಮಗಳು ಕೇಳಿದ್ಲು, "ಆಜಿ, ನೋವಾಗತದ?"

"ಆಗತದ. ಅತ್ತ ನೋಡಬ್ಯಾಡ. ಈ ಕೈ ಅಷ್ಟ ನೋಡು."

ಹೆಬ್ಬಟ್ಟಿನ ಬುಡಾ ಒತ್ತಿದೆ. ಕೂಸು ತುಟಿ ಕಚ್ಚಿತು, ಅಳಲಿಲ್ಲ. "ಆಜಿ ಭಾರೀ ಹುಷಾರ ಇದ್ದಾರ" ಅಂದ್ಲು ಸಿಸ್ಟರ್. ನಾ ತಲಿ ಎತ್ತಲಿಲ್ಲ. ಒತ್ತಿದಾಗೊಮ್ಮೆ ನನ್ನ ಕೈಯಾಗಿನ ಬಳಿ ಸಪ್ಪಳ ಆಗ್ತಿತ್ತು.

ಆ ಸಪ್ಪಳ ಅವತ್ತ ಆಗಬೇಕಿತ್ತು.