ಬಾಪ್ಪುವಿಗೆ ಸರಿಯಾದ ಸ್ವೆಟರ್

ಊರಿಗೆ ಮರಳುವುದೆಂದರೆ ನಮ್ಮ ಕುಟುಂಬಕ್ಕೆ ಗೊತ್ತಿದ್ದದ್ದು ಒಂದೇ ಬಗೆ, ಗಲ್ಫಿನಿಂದ. ಬಜಪೆ ವಿಮಾನ ನಿಲ್ದಾಣಕ್ಕೆ ಎರಡು ಕಾರು ಹೋಗಬೇಕು. ಮಂಗಳೂರಿನ ಜೆಪ್ಪುವಿನಲ್ಲಿರುವ ನಮ್ಮ ಮನೆಯಲ್ಲಿ ಎಲ್ಲರೂ ಸುತ್ತ ಕೂತು ಪೆಟ್ಟಿಗೆ ಬಿಚ್ಚಬೇಕು, ಸೆಂಟು, ಚಾಕಲೇಟು, ಅಂಗಿ ಹಂಚಿ ಮುಗಿಯಬೇಕು. ಬಂದವರ ಮುಖ ನೋಡುವುದು ಆಮೇಲೆ, ಪುರುಸೊತ್ತಾದರೆ. ಗಲ್ಫಿನಲ್ಲಿ ನರ್ಸಾಗಿದ್ದ ನಾನೂ ಹಾಗೆ ಬಂದವಳೇ.

ನನ್ನ ತಮ್ಮ ಸೇನೆ ಬಿಟ್ಟು ಬಂದಾಗಲೂ ಪದ್ಧತಿ ತಪ್ಪಿಸಲಿಲ್ಲ. ರೈಲಿನಲ್ಲಿ ಬಂದವನಿಗೆ ರಿಕ್ಷಾ ಸಾಕೆಂದೆವು, ಅಷ್ಟೇ ವ್ಯತ್ಯಾಸ. ಗಡಿಯಲ್ಲಿ ಗುಂಡಿನ ಕಾಳಗ ಕಂಡವನು ಗೋಡೆಗೆ ಬೆನ್ನು ಕೊಟ್ಟು, ಬಾಗಿಲ ಮೇಲೆ ಕಣ್ಣಿಟ್ಟು ಕೂತ. ನಮ್ಮ ಕಣ್ಣು ಅವನ ಟ್ರಂಕಿನ ಮೇಲಿತ್ತು.

ಅದನ್ನು ತೆರೆದದ್ದು ಅಪ್ಪನ ತಮ್ಮ, ನಮ್ಮ ಬಾಪ್ಪು. ಹಂಚುವಂಥದ್ದೇನೂ ಇರಲಿಲ್ಲ, ಒಂದು ಹಸಿರು ಉಣ್ಣೆಯ ಸ್ವೆಟರ್ ಬಿಟ್ಟರೆ. ಮಂಗಳೂರಿನಲ್ಲಿ ಸ್ವೆಟರ್ ಯಾರಿಗೆ ಬೇಕು? ಆದರೆ ಪುಕ್ಕಟೆ ಸಿಕ್ಕಿದ್ದಕ್ಕೆ ಸೆಕೆ ಇಲ್ಲ.

"ನನಗೆ ಸರಿಯಾಗ್ತದೆ ಮಾರಾಯ," ಎಂದು ಬಾಪ್ಪು ತೋಳು ತೂರಿಸಿದರು.

"ಅದು ಬೇಡ ಬಾಪ್ಪು, ತೆಗೀರಿ."

"ಎಂತ, ಒಂದು ಸ್ವೆಟರಿಗೆ ಇಷ್ಟು ಉಂಟಾ?"

"ಅದು ನನ್ನ ಜೊತೆಯವನದು," ಎಂದ ತಮ್ಮ. "ನನಗೆ ಜ್ವರ ಅಂತ ಇದನ್ನು ಹೊದೆಸಿ, ನನ್ನ ಡ್ಯೂಟಿಗೆ ಅವನು ಹೋದ. ವಾಪಸ್ ಬರ್ಲಿಲ್ಲ."

ಬಾಪ್ಪು ಸ್ವೆಟರ್ ಬಿಚ್ಚಿ, ಮಡಚಿ ಇಟ್ಟರು. ಆಮೇಲೆ ಎಲ್ಲರೂ ವೈದ್ಯರಾದೆವು. ಒಂದು ಮದುವೆ ಮಾಡಿದರೆ ಸರಿಯಾಗ್ತದೆ ಎಂದರು ಬಾಪ್ಪು. ಹುಡುಗಿಯ ಗತಿ ಏನೆಂದು ಯಾರೂ ಕೇಳಲಿಲ್ಲ. ಅವನು ಹೊರಗೆ ಬಾರದ್ದಕ್ಕೆ ಅಮ್ಮ ನೆರೆಯವರಿಗೆ ಮಲೇರಿಯಾ ಎಂದರು. ಈ ಊರಿನಲ್ಲಿ ಮಲೇರಿಯಾವನ್ನು ಯಾರೂ ಅನುಮಾನಿಸುವುದಿಲ್ಲ. ನಾನು, ಮನೆಯ ಮಹಾ ನರ್ಸು, ದಿನಕ್ಕೆ ಮೂರು ಸಲ ಬಿಪಿ ನೋಡಿ 'ನಾರ್ಮಲ್' ಎಂದು ಸರ್ಟಿಫಿಕೇಟ್ ಕೊಟ್ಟೆ. ಒಮ್ಮೆ ಪಾತ್ರೆಯ ಮುಚ್ಚಳ ಬಿದ್ದ ಸದ್ದಿಗೆ ಅವನು ಮೇಜಿನಡಿ ನುಗ್ಗಿದಾಗ ಎಲ್ಲರೂ ನಕ್ಕರು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ನಕ್ಕ ಮಾರನೆಯ ದಿನವೇ ಅವನನ್ನು ಹಂಪನಕಟ್ಟೆಯ ಹತ್ತಿರದ ಮನೋವೈದ್ಯರಲ್ಲಿಗೆ ಕರೆದುಕೊಂಡು ಹೋದೆ. ಬೆವರು ಇಳಿಯುತ್ತಿದ್ದರೂ ಸ್ವೆಟರ್ ತೊಟ್ಟೇ ಬಂದ. ಚೀಟಿ ಬರೆಯುವಾಕೆ ಹೆಸರು ಕೇಳಿದಳು. ಅವನು ತನ್ನದಲ್ಲ, ಸ್ವೆಟರ್ ಹೊದೆಸಿ ಹೋದ ಆ ಗೆಳೆಯನ ಹೆಸರು ಹೇಳಿದ. ತಿದ್ದಲು ನಾನು ಬಾಯಿ ತೆರೆದೆ.

"ಇರ್ಲಿ ಅಕ್ಕ," ಎಂದ. "ಮನೆಗೆ ಬರ್ಬೇಕಾಗಿದ್ದದ್ದು ಅವನಲ್ವಾ?"

ಚೀಟಿಯಲ್ಲಿ ಅದೇ ಹೆಸರು ಬಿತ್ತು. ನಾನು ಅವನ ಪಕ್ಕ, ಗೋಡೆಗೆ ಬೆನ್ನು ಕೊಟ್ಟು ಕೂತೆ.